ಮೇಲ್ ಕ್ಯೂ ಉಬ್ಬಿದಾಗ

ಮೇಲ್ ರವಾನಿಸುವ ಸರ್ವರ್ ತಂತ್ರಾಂಶ ಪೋಸ್ಟ್‌ಫಿಕ್ಸ್‌ನ ಕ್ಯೂನಲ್ಲಿ (ರವಾನೆಗೆ ಕಾದಿರುವ ಮೇಲ್‌ಗಳ ಸಾಲಿನಲ್ಲಿ) ಲಕ್ಷ ಮೇಲ್ ನಿಂತರೆ ರೀಸ್ಟಾರ್ಟ್ ಮಾಡಲು ಕೈ ತುರಿಸುತ್ತದೆ. ಬೇಡ. ಮೊದಲು ಕ್ಯೂಶೇಪ್ (qshape) ಕಮಾಂಡ್ ಓಡಿಸಿ. ಯಾವ ಡೊಮೇನ್‌ಗೆ ಹೋಗಬೇಕಾದ ಮೇಲ್ ಎಷ್ಟು ನಿಮಿಷದಿಂದ ಕೂತಿವೆ ಎಂದು ಸಾಲಾಗಿ ತೋರಿಸುತ್ತದೆ. ಒಂದೇ ಡೊಮೇನ್ ಆದರೆ ಬಹುಪಾಲು ಆ ಕಡೆಯ ತೊಂದರೆ, ಇಲ್ಲವೇ ಅಲ್ಲಿ ನಿಮ್ಮ ಸರ್ವರ್‌ನ ಐಪಿ ವಿಳಾಸಕ್ಕೆ ಕೆಟ್ಟ ಹೆಸರು ಬಂದಿದೆ. ಆಚೆಯ ಸರ್ವರ್ ಕೊಡುವ ಉತ್ತರ ಸಂಕೇತಗಳಲ್ಲಿ 421, 451 ತಾತ್ಕಾಲಿಕ ತಿರಸ್ಕಾರ. 550 (ಕಾಯಂ ತಿರಸ್ಕಾರ) ಬಂದದ್ದು ಕ್ಯೂನಲ್ಲಿ ಉಳಿಯದೆ ಬೌನ್ಸ್ ಆಗುತ್ತದೆ, ಅಂದರೆ ಕಳಿಸಿದವರಿಗೇ ಹಿಂದಿರುಗುತ್ತದೆ.

ಡೀಫಾಲ್ಟ್‌ನಲ್ಲಿ ಮರುಪ್ರಯತ್ನದ ಅಂತರ 300 ಸೆಕೆಂಡಿನಿಂದ 4000ದವರೆಗೆ ಬೆಳೆಯುತ್ತದೆ, 5 ದಿನಕ್ಕೆ ಕೈಬಿಡುತ್ತದೆ. ಪದೇ ಪದೇ ಫ್ಲಶ್ (ಕ್ಯೂನ ಮೇಲ್ ಈಗಲೇ ಕಳಿಸು ಎಂಬ ಆಜ್ಞೆ) ಒತ್ತುವುದು ಬೆಂಕಿಗೆ ತುಪ್ಪ ಸುರಿದಂತೆ: ಎಲ್ಲವೂ ಒಟ್ಟಿಗೆ ನುಗ್ಗಿ, ಆಚೆಯವರು ಇನ್ನಷ್ಟು ಬಿಗಿ ಮಾಡುತ್ತಾರೆ.

ಡಿಸ್ಕ್‌ನಲ್ಲಿ ಜಾಗವಿದ್ದೂ ‘ಜಾಗವಿಲ್ಲ’ ಎಂದರೆ ಐನೋಡ್ (ಪ್ರತಿ ಫೈಲ್‌ಗೂ ಡಿಸ್ಕ್‌ನಲ್ಲಿ ಬೇಕಾದ ದಾಖಲೆ) ಎಣಿಸಿ. ಮೇಲ್‌ಗೆ ಕನಿಷ್ಠ ಒಂದು ಫೈಲ್. ಇಎಕ್ಸ್‌ಟಿ4 ಫೈಲ್‌ಸಿಸ್ಟಂನಲ್ಲಿ ಎಷ್ಟು ಜಾಗಕ್ಕೆ ಒಂದು ಐನೋಡ್ ಎಂಬ ಅನುಪಾತ ಫಾರ್ಮ್ಯಾಟ್ ಮಾಡುವಾಗಲೇ ನಿಗದಿ, ಆಮೇಲೆ ಬದಲಿಸಲಾಗದು.