ರಿಸೈಟಲ್ ಹತ್ತಿರ ಬಂತು, ಇನ್ನು ಮೊದಲಿಂದ ನುಡಿಸೋ ಹಾಗಿಲ್ಲ

ನಮ್ಮ ಪಿಯಾನೋ ಟೀಚರ್ ಹತ್ತಿರ ಕಲಿಯುವವರೆಲ್ಲ ಸೇರಿ ಮುಂದಿನ ತಿಂಗಳು ಒಂದು ರಿಸೈಟಲ್, ಅಂದರೆ ಸಭಿಕರ ಮುಂದೆ ನುಡಿಸುವ ಕಾರ್ಯಕ್ರಮ, ಇಟ್ಟುಕೊಂಡಿದ್ದೇವೆ. ಎಲ್ಲರೂ ಅಂದರೆ ಮುಕ್ಕಾಲು ಪಾಲು ಮಕ್ಕಳೇ. ಪೆಡಲ್‌ಗೆ ಕಾಲು ಎಟುಕದವರೂ ಇದ್ದಾರೆ. ದೊಡ್ಡವರು ಅಂತ ಇರೋದು ನಾನು, ಮತ್ತೆ ರಿಟೈರ್ ಆದ ಮೇಲೆ ಕಲಿಯೋಕೆ ಬಂದ ಒಬ್ಬ ಅಂಕಲ್. ಮೊನ್ನೆ ಒಬ್ಬ ಪುಟ್ಟ ಹುಡುಗಿ "ಆಂಟಿ, ನಿಮ್ಮದು ಯಾವ ಗ್ರೇಡು?" ಅಂತ ಕೇಳಿದಳು. ಬೆಂಗಳೂರಿನಲ್ಲಿ ಪಿಯಾನೋ ಅಂದರೆ ಟ್ರಿನಿಟಿ ಅಥವಾ ಎಬಿಆರ್‌ಎಸ್‌ಎಂ ಸಂಸ್ಥೆಗಳ ಗ್ರೇಡ್ ಪರೀಕ್ಷೆ ಅಂತಲೇ ಮಕ್ಕಳು ಅಂದುಕೊಂಡಿರುತ್ತಾರೆ. ಗ್ರೇಡ್ ಇಲ್ಲಮ್ಮ, ಸುಮ್ನೆ ಕಲಿಯುತ್ತಿದ್ದೇನೆ ಅಂದೆ. ಅವಳಿಗೆ ನಂಬಿಕೆ ಬರಲಿಲ್ಲ.

ನಾನು ನುಡಿಸುವುದು ಜರ್ಮನ್ ಸಂಯೋಜಕ ಬಾಖ್‌ನ ಸಿ ಮೇಜರ್ ಪ್ರೆಲ್ಯೂಡ್. 1722ರ ವೆಲ್-ಟೆಂಪರ್ಡ್ ಕ್ಲೇವಿಯರ್ ಎಂಬ ಅವನ ಸಂಗ್ರಹದ ಮೊದಲ ಭಾಗದ ಮೊಟ್ಟಮೊದಲ ತುಣುಕು. ಒಟ್ಟು 35 ಬಾರ್, ಅಂದರೆ ನಾಲ್ಕು ನಾಲ್ಕು ಎಣಿಕೆಯ ತುಂಡುಗಳು. ನೋಡೋಕೆ ತುಂಬಾ ಸುಲಭ. ಎಡಗೈಯಲ್ಲಿ ಎರಡು ಸ್ವರ, ಬಲಗೈಯಲ್ಲಿ ಮೂರು ಸ್ವರ ಎರಡು ಸಲ, ಒಟ್ಟು ಎಂಟು. ಅದನ್ನೇ ಇನ್ನೊಂದು ಸಲ ನುಡಿಸಿದರೆ ಒಂದು ಬಾರ್ ಮುಗಿಯಿತು. ಕೊನೆಯ ಮೂರು ಬಾರ್ ಬಿಟ್ಟರೆ ಉದ್ದಕ್ಕೂ ಇದೇ ನಡೆ. ಬೆರಳಿಗೆ ಕಷ್ಟವೇ ಇಲ್ಲ, ಕಷ್ಟ ಎಲ್ಲ ತಲೆಗೆ. ಎಲ್ಲಾ ಬಾರೂ ಒಂದೇ ತರ ಇದ್ದರೆ ಎಲ್ಲಿದ್ದೇನೆ ಅಂತ ಗೊತ್ತಾಗೋದು ಹೇಗೆ?

ಅದರಲ್ಲೂ 24ನೇ ಬಾರಿನಿಂದ 31ರವರೆಗೆ. ಈ ಎಂಟೂ ಬಾರಿನಲ್ಲಿ ಎಡಗೈಯ ಕೆಳಗಿನ ಸ್ವರ 'ಜಿ' ಜಾಗ ಬಿಟ್ಟು ಕದಲುವುದಿಲ್ಲ, ಮೇಲಿನವು ಮಾತ್ರ ಬದಲಾಗುತ್ತವೆ. 26 ಮತ್ತು 30 ಅಕ್ಷರಶಃ ಒಂದೇ. 27 ಮತ್ತು 31 ಕೂಡ ಒಂದೇ. ಆದರೆ 27 ಆದ ಮೇಲೆ ಹೋಗಬೇಕಾದ ಜಾಗ ಬೇರೆ, 31 ಆದ ಮೇಲೆ ಬೇರೆ. ಜಯನಗರದ ಕ್ರಾಸ್‌ಗಳ ಹಾಗೆ, ಅದೇ ಮರ, ಅದೇ ಮೂಲೆ, ತಿರುಗಿದ ಮೇಲೆ ಗೊತ್ತಾಗುತ್ತೆ ಇದು ನಮ್ಮ ರಸ್ತೆ ಅಲ್ಲ ಅಂತ. 27ರಿಂದ ನೇರ 32ಕ್ಕೆ ಹಾರಿದರೆ ನಾಲ್ಕು ಬಾರ್ ನುಂಗಿಹಾಕಿ ಬೇಗ ಮುಗಿಸಿಬಿಡುತ್ತೀರಿ, ಕೇಳುವವರಿಗೆ ಗೊತ್ತೂ ಆಗದೇ ಇರಬಹುದು. 31ರಿಂದ 28ಕ್ಕೆ ಹೋದರೆ ಮಾತ್ರ ಸುತ್ತುತ್ತಲೇ ಇರಬೇಕು. ಈಗ 27 ಮುಗಿಯುವಾಗ ಬಲಗೈ ಬೆರಳುಗಳನ್ನು ನೋಡುವುದನ್ನು ಬಿಟ್ಟು ಮನಸ್ಸಿನಲ್ಲಿ "ಎಫ್ ಶಾರ್ಪ್" ಅಂತ ಹೇಳಿಕೊಳ್ಳುತ್ತೇನೆ, 28ರಲ್ಲಿ ಮೇಲೆ ಬರುವ ಕಪ್ಪು ಕೀ ಅದು. 31 ಮುಗಿಯುವಾಗ "ಸಿ", ಅಂದರೆ ಎಡಗೈ ಕೊನೆಗೂ 'ಜಿ' ಬಿಟ್ಟು ಕೆಳಗೆ ಇಳಿಯುವ ಜಾಗ. ಬೆರಳಿನ ಅಭ್ಯಾಸವನ್ನು ಮಾತ್ರ ನಂಬಿದರೆ ಸ್ಟೇಜ್ ಮೇಲೆ ಅದು ಕೈಕೊಡುತ್ತೆ. ಹೆಸರು ಹಿಡಿದು ಕರೆಯೋಕೆ ಬಂದರೆ ಅಷ್ಟು ಸುಲಭವಾಗಿ ಕೈಕೊಡುವುದಿಲ್ಲ.

ಹಾಗಾಗಿ ಟೀಚರ್ ಈಗ ಮೊದಲಿಂದ ನುಡಿಸುವುದನ್ನೇ ನಿಲ್ಲಿಸಿಬಿಟ್ಟಿದ್ದಾರೆ. 11, 19, 24, 32 ಅಂತ ಪೆನ್ಸಿಲ್‌ನಲ್ಲಿ ಗುರುತು ಹಾಕಿದ್ದಾರೆ. ಪಾಠದ ಮಧ್ಯೆ ಇದ್ದಕ್ಕಿದ್ದಂತೆ "19" ಅನ್ನುತ್ತಾರೆ, ನಾನು ಅಲ್ಲಿಂದ ಎತ್ತಿಕೊಳ್ಳಬೇಕು. ಆಮೇಲೆ "32". ಆಮೇಲೆ ಮತ್ತೆ "11". ನುಡಿಸುತ್ತಿರುವಾಗ ಬೇಕಂತಲೇ ಕೆಮ್ಮುತ್ತಾರೆ, ಫೋನ್ ರಿಂಗ್ ಮಾಡಿಸುತ್ತಾರೆ. ನಿಯಮ ಒಂದೇ: ದಾರಿ ತಪ್ಪಿದರೆ ಹಿಂದಕ್ಕೆ ಹೋಗಬಾರದು, ಮುಂದಿನ ಗುರುತಿಗೆ ಹಾರಬೇಕು. ಮನೆಯಲ್ಲಿ ಅಭ್ಯಾಸ ಮಾಡುವವರೆಲ್ಲ ಮೊದಲಿಂದಲೇ ಶುರು ಮಾಡುತ್ತಾರೆ, ಹಾಗಾಗಿ ಮೊದಲ ಸಾಲು ಬಂಗಾರದ ಹಾಗೆ ಹೊಳೆಯುತ್ತೆ, ಕೊನೆಯ ಪುಟಕ್ಕೆ ಬರುವಷ್ಟರಲ್ಲಿ ಕುಕ್ಕರ್ ಕೂಗಿರುತ್ತೆ. ರಿಸೈಟಲ್ ತಯಾರಿ ಅಂದರೆ ನನ್ನ ಪ್ರಕಾರ ಇದೊಂದೇ, ಎಲ್ಲಿಂದ ಬೇಕಾದರೂ ಶುರು ಮಾಡೋಕೆ ಬರೋದು. ಉಳಿದದ್ದೆಲ್ಲ ಆಮೇಲೆ.

ಇನ್ನು ಅಮ್ಮ. ಅಮ್ಮ ಚಿಕ್ಕಂದಿನಲ್ಲಿ ಹಾಡು ಕಲಿತವರು. ಒಂದು ಸಂಜೆ ಅವರನ್ನೇ ಸಭಿಕರು ಅಂತ ಕೂರಿಸಿ ನುಡಿಸಿದೆ. ಮೊದಲ ಸಾಲಿಗೇ "ಶಂಕರಾಭರಣ ಅಲ್ವೇನೇ?" ಅಂದರು. ಸ್ವರಸ್ಥಾನ ನೋಡಿದರೆ ಹೌದು, ಸಿ ಮೇಜರ್ ಅದೇ. ಸ್ವಲ್ಪ ಹೊತ್ತಿಗೆ ಎಫ್ ಶಾರ್ಪ್ ಬಂದು ಶಂಕರಾಭರಣದಲ್ಲಿಲ್ಲದ ಪ್ರತಿಮಧ್ಯಮ ಕೇಳಿಸಿತು, ಅಮ್ಮನ ಹುಬ್ಬು ಮೇಲೆ ಹೋಯಿತು. ಆದರೂ ತೊಡೆ ಮೇಲೆ ಆದಿತಾಳ ಬಿಡಲಿಲ್ಲ. ಒಂದು ಬಾರ್‌ಗೆ ನಾಲ್ಕು ಎಣಿಕೆ, ಎರಡು ಬಾರ್‌ಗೆ ತಾಳದ ಒಂದು ಸುತ್ತು, ಅಂದರೆ ಒಂದು ಆವರ್ತ, ಸರಿಯಾಗಿ ಕೂರುತ್ತೆ. ಮುಗಿದಾಗ ಅವರ ಕೈ ಗಾಳಿಯಲ್ಲೇ ಇತ್ತು. "ಅರ್ಧ ಆವರ್ತ ಉಳೀತಲ್ಲೇ, ಹೀಗೆ ಮಧ್ಯದಲ್ಲಿ ಬಿಡ್ತಾರಾ ಯಾರಾದರೂ?" ಅಂದರು. 35 ಬಾರ್, ಹದಿನೇಳೂವರೆ ಆವರ್ತ. ಲೆಕ್ಕ ಅವರದ್ದೇ ಸರಿ!

ಇದರಲ್ಲೊಂದು ತಮಾಷೆ ಇದೆ. ಅವೆನ್ಯೂ ರೋಡಿನ ಹಳೇ ಪುಸ್ತಕದ ಅಂಗಡಿಯಲ್ಲಿ ಸಿಕ್ಕಿದ ನನ್ನ ಪುಸ್ತಕದಲ್ಲಿ ಈ ಪ್ರೆಲ್ಯೂಡಿಗೆ 36 ಬಾರ್ ಇವೆ. ಟೀಚರ್ ಕೊಟ್ಟ ಪ್ರತಿಯಲ್ಲಿ 35. ಆ ಹೆಚ್ಚುವರಿ ಬಾರ್ ಬಾಖ್‌ನದ್ದಲ್ಲ. 22ರಲ್ಲಿ ಕೆಳಗಿನ ಸ್ವರ ಎಫ್ ಶಾರ್ಪ್, 23ರಲ್ಲಿ ಎ ಫ್ಲ್ಯಾಟ್. ಆ ಜಿಗಿತ ಸರಿ ಇಲ್ಲ, ಮಧ್ಯೆ ಏನೋ ಬಿಟ್ಟುಹೋಗಿದೆ ಅಂತ ಶ್ವೆಂಕೆ ಎಂಬ ಜರ್ಮನ್ ಸಂಗೀತಗಾರನೊಬ್ಬ ನಡುವೆ 'ಜಿ' ಇಟ್ಟು ಒಂದು ಬಾರ್ ತುಂಬಿಸಿದ. ಅದು ಪುಸ್ತಕದಿಂದ ಪುಸ್ತಕಕ್ಕೆ ಇಳಿದು ಬಂತು. ಫ್ರಾನ್ಸಿನ ಸಂಯೋಜಕ ಗೂನೋ ಇದೇ ಪ್ರೆಲ್ಯೂಡಿನ ಮೇಲೆ ರಾಗ ಕೂರಿಸಿ ಮಾಡಿದ ಆವೆ ಮರಿಯಾ ಅನ್ನುವ ಹಾಡಿನಲ್ಲೂ ಆ ಬಾರ್ ಇದೆ, ಚರ್ಚ್ ಮದುವೆಗಳಲ್ಲಿ ಕೇಳಿರುತ್ತೀರಿ. ನನಗೆ ಆ ಒರಟು ಜಿಗಿತವೇ ಇಷ್ಟ, ಸವರಿ ನುಣ್ಣಗೆ ಮಾಡಬೇಕಾಗಿರಲಿಲ್ಲ. ಆದರೆ 36 ಆದರೆ ಸರಿಯಾಗಿ 18 ಆವರ್ತ ಆಗುತ್ತೆ, ಅಮ್ಮ ಖಂಡಿತ ಶ್ವೆಂಕೆ ಪಾರ್ಟಿ.

"ನಮ್ಮ ಸಂಗೀತ ಬಿಟ್ಟು ಇದ್ಯಾಕೆ" ಅನ್ನುವ ನೆಂಟರಿಗೆ ನಾನು ಜಯಚಾಮರಾಜ ಒಡೆಯರ ಹೆಸರು ಹೇಳಿ ಬಾಯಿ ಮುಚ್ಚಿಸುತ್ತೇನೆ. ಶ್ರೀವಿದ್ಯಾ ಅಂಕಿತದಲ್ಲಿ ಕೃತಿ ಬರೆದವರು ಅವರೇ, 1945ರಲ್ಲಿ ಲಂಡನ್ನಿನ ಗಿಲ್ಡ್‌ಹಾಲ್ ಸಂಗೀತ ಶಾಲೆಯಿಂದ ಪಿಯಾನೋಗೆ ಲೈಸೆನ್ಷಿಯೇಟ್ ಅರ್ಹತೆ ಪಡೆದವರೂ ಅವರೇ. ರಷ್ಯಾದ ಸಂಯೋಜಕ ಮೆಟ್ನರ್‌ನ ಸಂಗೀತ ರೆಕಾರ್ಡ್ ಆಗಲಿ ಅಂತ ದುಡ್ಡು ಕೊಟ್ಟರು, ಅವನು ತನ್ನ ಮೂರನೇ ಪಿಯಾನೋ ಕಾನ್ಸರ್ಟೋವನ್ನು ಅವರಿಗೇ ಅರ್ಪಿಸಿದ.

ಮನೆಯಲ್ಲಿ ಇರುವುದು ಡಿಜಿಟಲ್ ಪಿಯಾನೋ, 88 ಕೀ, ನಿಜವಾದ ಪಿಯಾನೋ ಹಾಗೆ ಒತ್ತುವಾಗ ಕೀಗೆ ಭಾರ ಇರುವಂಥದ್ದು. ರಾತ್ರಿ ಹೆಡ್‌ಫೋನ್ ಹಾಕಿಕೊಂಡು ನುಡಿಸುತ್ತಿದ್ದರೂ ಕೆಳಗಿನ ಮನೆ ಆಂಟಿ ಲಿಫ್ಟಿನಲ್ಲಿ ಸಿಕ್ಕಾಗ "ರಾತ್ರಿ ಏನೋ ಕುಟ್ಟೋ ಸದ್ದು ಬರುತ್ತಲ್ಲಮ್ಮ" ಅಂದರು. ಪಾಪ, ಅವರಿಗೆ ಬಾಖ್ ಕೇಳಿಸಲ್ಲ, ಕೀಗಳು ತಳಕ್ಕೆ ಬಡಿಯುವ ಟಕಟಕ ಮಾತ್ರ ಸ್ಟ್ಯಾಂಡಿನ ಕಾಲಿನಿಂದ ನೆಲಕ್ಕೆ ಇಳಿದು ಅವರ ಸೂರಿಗೆ ಹೋಗುತ್ತೆ. ನಾಲ್ಕು ಕಾಲಿನ ಕೆಳಗೂ ದಪ್ಪ ರಬ್ಬರ್ ಮ್ಯಾಟ್ ಹಾಕಿದ ಮೇಲೆ ಎಷ್ಟೋ ಕಡಿಮೆಯಾಗಿದೆ.

ರಿಸೈಟಲ್ ನಡೆಯುವ ಹಾಲ್‌ನಲ್ಲಿ ಇರುವುದು ನಿಜವಾದ ಪಿಯಾನೋ, ತಂತಿ ಇರುವಂಥದ್ದು. ಮಳೆಗಾಲದಲ್ಲಿ ಮರ ತೇವ ಕುಡಿದು ಉಬ್ಬಿ ಕೀಗಳು ಜಡವಾಗುತ್ತವೆ, ಶ್ರುತಿಯೂ ಏರುತ್ತೆ. ಅದಕ್ಕೇ ಹಿಂದಿನ ದಿನ ಹೋಗಿ ಕೈ ಆಡಿಸಲೇಬೇಕು. ಒತ್ತಿ ಹಿಡಿದರೆ ಸದ್ದು ನಿಲ್ಲದೆ ಉಳಿಯುವಂತೆ ಮಾಡುವ ಪೆಡಲ್ ಬೇರೆ ಇನ್ನೊಂದು ತಲೆನೋವು. ಬಾಖ್ ಕಾಲದ ವಾದ್ಯಗಳಲ್ಲಿ ಈ ಪೆಡಲ್ ಇರಲೇ ಇಲ್ಲ, ಹಾಗಾಗಿ ಅವನು ಏನೂ ಬರೆದಿಲ್ಲ. ಟೀಚರ್ ಬೇಡವೇ ಬೇಡ ಅನ್ನುತ್ತಾರೆ, ನನಗೆ ಸ್ವಲ್ಪ ಬೇಕು. ಕೊನೆಗೆ ಬಾರ್‌ಗೊಂದು ಸಲ, ಕೆಳಗಿನ ಸ್ವರ ಬಿದ್ದ ಕ್ಷಣ ಕಾಲೆತ್ತಿ ಮತ್ತೆ ಒತ್ತುವುದು ಅಂತ ರಾಜಿ ಆಯಿತು. ತಡ ಮಾಡಿದರೆ ಹಿಂದಿನ ಬಾರಿನ ಸದ್ದು ಹೊಸದರ ಮೇಲೆ ಕಲೆಸಿ ರಾಡಿಯಾಗುತ್ತೆ. ಮನೆಯಲ್ಲಿ ಬರಿಗಾಲಲ್ಲೇ ಒತ್ತಿ ಅಭ್ಯಾಸ. ಅಲ್ಲಿ ಚಪ್ಪಲಿ ಇರುತ್ತೆ, ಪೆಡಲ್ ಎಲ್ಲಿದೆ ಅಂತ ಪಾದಕ್ಕೆ ಗೊತ್ತೇ ಆಗಲ್ಲ. ಅದಕ್ಕೆ ಈ ವಾರದಿಂದ ಆ ದಿನ ಹಾಕುವ ಚಪ್ಪಲಿಯಲ್ಲೇ ನುಡಿಸುತ್ತಿದ್ದೇನೆ. ಅಮ್ಮ ನನ್ನ ಕಾಲು ನೋಡಿ ಏನೂ ಹೇಳುತ್ತಿಲ್ಲ, ಆದರೆ ನೋಡುತ್ತಾರೆ. ವಾದ್ಯದ ಮುಂದೆ ಚಪ್ಪಲಿ! ಸೀರೆ ಅಂತೂ ತೀರ್ಮಾನವಾಗಿದೆ. ಸೆರಗು ಪಿನ್ ಮಾಡಿ ಸೊಂಟಕ್ಕೆ ಸಿಕ್ಕಿಸಬೇಕು, ಇಲ್ಲದಿದ್ದರೆ ಎಡಗೈ ಇಳಿಯುವ ಜಾಗಕ್ಕೇ ಬಂದು ಬೀಳುತ್ತೆ.

ಪುಸ್ತಕ ಇಟ್ಟುಕೊಳ್ಳುವುದೋ ಬೇಡವೋ ಅನ್ನುವ ಚರ್ಚೆ ಮಕ್ಕಳ ಅಮ್ಮಂದಿರ ಗ್ರೂಪಿನಲ್ಲಿ ಜೋರಾಗಿ ನಡೆಯುತ್ತಿದೆ. ಪುಸ್ತಕ ಇಲ್ಲದೆ ನುಡಿಸುವ ಪದ್ಧತಿ ಅನಾದಿಕಾಲದ್ದೇನೂ ಅಲ್ಲ, 19ನೇ ಶತಮಾನದಲ್ಲಿ ಕ್ಲಾರಾ ಶೂಮನ್, ಲಿಸ್ಟ್ ಅಂಥ ಪಿಯಾನೋ ವಾದಕರು ತಂದದ್ದು. ನಾನು ಬಾಯಿಪಾಠ ಮಾಡಿದ್ದೇನೆ, ಆದರೂ ಟೀಚರ್ ಕೊಟ್ಟ ಪ್ರತಿ ಎದುರಿಗಿರುತ್ತೆ, ಪೆನ್ಸಿಲ್ ಗುರುತುಗಳ ಸಮೇತ. ಎದುರುಬದುರು ಎರಡೇ ಪುಟ, ತಿರುಗಿಸೋ ಕೆಲಸವೂ ಇಲ್ಲ.