ಕೊಡೆ ಬೇಡ, ರೇನ್‌ಕೋಟ್ ಇರಲಿ

ಇವತ್ತು ಲಂಡನ್ನಿನಲ್ಲಿ ನಾಟಕ ನೋಡೋಕೆ ಹೊರಟ ರಂಗಭೂಮಿ ವಿದ್ಯಾರ್ಥಿಗಳ ಕೈಯಿಂದ ಕೋರ್ಸ್ ಆಫೀಸಿನವರು ಕೊಡೆ ಇಸ್ಕೊಂಡರು. ಬದಲಿಗೆ ಒಬ್ಬೊಬ್ಬರಿಗೂ ಅಂಗೈಯಗಲ ಮಡಚಿದ ತೆಳು ರೇನ್‌ಕೋಟ್.

ಎಂಥಾ ತಿಳಿವಳಿಕೆ ಅದು!

ಅವರು ಹೊರಟಿರೋದು ಶೇಕ್ಸ್‌ಪಿಯರ್ ನಾಟಕಗಳಿಗೆ ಹೆಸರಾದ ಗ್ಲೋಬ್ ರಂಗಮಂದಿರಕ್ಕೆ. ಅದರ ಅಂಗಳಕ್ಕೆ ಚಾವಣಿಯೇ ಇಲ್ಲ. ಸುಮಾರು 700 ಜನ ಅಲ್ಲಿ ನಿಂತೇ ನೋಡ್ತಾರೆ. ಮಳೆ ಬಂತು ಅಂತ ಆಟ ನಿಲ್ಲಲ್ಲ. ಕೊಡೆ ಬಿಚ್ಚಿದರೆ ಹಿಂದಿನವರಿಗೆ ರಂಗವೇ ಮರೆ, ಅದಕ್ಕೇ ಕೊಡೆ ಬಿಚ್ಚೋ ಹಾಗಿಲ್ಲ. ಆಟ ನಡೀವಾಗ ಕೂರೋ ಹಾಗೂ ಇಲ್ಲ. ಎರಡೂವರೆ, ಮೂರು ಗಂಟೆ ನಿಂತ ಕಾಲಲ್ಲೇ ಇರಬೇಕು. ಹೊಸ ಶೂ ಹಾಕ್ಕೊಂಡು ಹೋದವರು ಮಧ್ಯಂತರಕ್ಕೇ ಸೋತಿರ್ತಾರೆ. ಮೆತ್ತನೆ ಅಟ್ಟೆಯ ಹಳೇ ಶೂ ಒಳ್ಳೇದು.

ಎಲ್ಲಿ ನಿಲ್ಲಬೇಕು ಅನ್ನೋದೂ ಮುಖ್ಯ. ಬೇಗ ಹೋದರೆ ರಂಗದ ಅಂಚಿಗೇ ಮೊಣಕೈ ಊರಬಹುದು, ಆದರೆ ರಂಗ ಸುಮಾರು ಐದಡಿ ಎತ್ತರ, ಕತ್ತು ನೋಯುತ್ತೆ. ತೀರಾ ಪಕ್ಕಕ್ಕೆ ನಿಂತರೆ ಎರಡು ದಪ್ಪ ಕಂಬಗಳಲ್ಲಿ ಒಂದು ನಟರನ್ನ ನುಂಗಿಬಿಡುತ್ತೆ. ಹಿಂದಿನ ಗೋಡೆಗೆ ಬೆನ್ನು ಕೊಟ್ಟು ನಿಂತರೆ ನಟರ ಚಲನೆ ಪೂರ್ತಿ ಸಿಗುತ್ತೆ. ನಟನೆ ಕಲಿಯೋರಿಗೆ ನನ್ನ ಮತ ಅದಕ್ಕೇ.

ಅಲ್ಲಿ ಪ್ರೇಕ್ಷಕರನ್ನ ಕತ್ತಲಲ್ಲಿ ಕೂಡಿಹಾಕಲ್ಲ. ರಂಗದ ಮೇಲಿನ ಬೆಳಕೇ ಅಂಗಳಕ್ಕೂ. ಸ್ವಗತ ಬಂದಾಗ ನಟ ನೇರ ಒಬ್ಬರ ಕಣ್ಣಿಗೇ ಕಣ್ಣಿಟ್ಟು ಕೇಳ್ತಾನೆ, ಉತ್ತರಕ್ಕೆ ಕಾದ ಹಾಗೆ. ನಮ್ಮ ಬಯಲಾಟ ನೋಡಿ ಬೆಳೆದ ಮಕ್ಕಳಿಗೆ ಆ ನೋಟ ಹೊಸದೇನಲ್ಲ.

ಆ ಕ್ಷಣ ಮಳೆಗೆ ತಲೆ ತಗ್ಗಿಸಿ ನಿಂತಿರಬಾರದು ಅಂತಾನೇ ರೇನ್‌ಕೋಟಿನ ಟೋಪಿಯನ್ನೂ ಕಟ್ಟಿ ತೋರಿಸಿ ಕಳಿಸಿದ್ದಾರೆ.