ಕಣ್ಣಿಗೆ ಒಂದು ಹನಿ

ನಾಳೆಗೆ ನನ್ನ ಗಿರಿರಾಜ ಮರಿಗಳಿಗೆ ಏಳು ದಿನ. ಲಸೋಟ ಲಸಿಕೆ ಹಾಕಬೇಕು, ಕೊಕ್ಕರೆ ರೋಗಕ್ಕೆ. ಐಸ್ ತುಂಬಿದ ಫ್ಲಾಸ್ಕ್‌ನಲ್ಲಿ ಸೀಸೆ ತಂದಿಟ್ಟಿದ್ದೇನೆ. ಮರಿಯನ್ನು ಎಡಗೈಲಿ ಹಿಡಿದು, ತಲೆ ಓರೆ ಮಾಡಿ, ಕಣ್ಣಿಗೆ ಒಂದೇ ಹನಿ. ಅದು ಕಣ್ಣು ಮಿಟುಕಿಸಿ ಹನಿ ಒಳಗೆ ಹೋಗುವ ತನಕ ಕೆಳಗೆ ಬಿಡಬಾರದು. ಆಮೇಲೆ 14ನೇ ದಿನ ಗಂಬೋರೊ ರೋಗದ ಲಸಿಕೆ, 28ಕ್ಕೆ ಮತ್ತೆ ಲಸೋಟ, ಎಂಟನೇ ವಾರ ಕೊಕ್ಕರೆ ರೋಗಕ್ಕೇ ರೆಕ್ಕೆಯಡಿ ಇಂಜೆಕ್ಷನ್.

ಇಷ್ಟೆಲ್ಲ ಹಾಕಿಸಿದರೂ ಕೋಳಿ ಕೊಲ್ಲುವ ಹಕ್ಕಿ ಜ್ವರಕ್ಕೆ ಮಾತ್ರ ಹಾಕಲು ನಮಗೆ ಏನೂ ಇಲ್ಲ.

2025ರ ಫೆಬ್ರವರಿಯಲ್ಲಿ ನಮ್ಮ ಚಿಕ್ಕಬಳ್ಳಾಪುರದ ವರದಹಳ್ಳಿಯಲ್ಲಿ ಅದು ಕಾಣಿಸಿಕೊಂಡಿತು. ಭೋಪಾಲ್‌ನ ಲ್ಯಾಬ್‌ನಿಂದ ಎಚ್5ಎನ್1, ಅಂದರೆ ಹಕ್ಕಿ ಜ್ವರದ ಮಾರಕ ಜಾತಿಯ ವೈರಸ್ ಅಂತ ವರದಿ ಬಂತು. ರೋಗ ಬಂದ ಜಾಗದ ಸುತ್ತ ಒಂದು ಕಿಲೋಮೀಟರ್‌ವರೆಗಿನ ಕೋಳಿಗಳನ್ನು ಕೊಂದು ಹೂಳುವುದು, ಹತ್ತು ಕಿಲೋಮೀಟರ್‌ವರೆಗೆ ಕಣ್ಣಿಡುವುದು, ಇದು ನಿಯಮ. ನಮ್ಮೂರು ಆ ಹತ್ತರ ಒಳಗಿತ್ತು. ಮೊಟ್ಟೆ ಕೇಳುವವರಿಲ್ಲ. ರಾತ್ರಿ ಎರಡೆರಡು ಸಲ ಎದ್ದು ಟಾರ್ಚ್ ಹಿಡಿದು ಶೆಡ್‌ಗೆ ಹೋಗುತ್ತಿದ್ದೆ. ಒಂದು ಕೋಳಿ ತಲೆ ಜೋತು ಹಾಕಿದ್ದರೂ ಎದೆ ಝಲ್ಲೆನ್ನುತ್ತಿತ್ತು.

"ಎಷ್ಟು ದುಡ್ಡಾದ್ರೂ ಆಗ್ಲಿ ಸಾರ್, ಲಸಿಕೆ ತರಿಸಿಕೊಡಿ" ಅಂತ ಪಶು ಡಾಕ್ಟರ್‌ನ ಕೇಳಿದ್ದೆ. ಅವರು ಬೇಸರ ಮಾಡಿಕೊಳ್ಳದೆ ಕೂತು ಹೇಳಿದರು. ನಮ್ಮ ದೇಶದಲ್ಲಿ ಹಕ್ಕಿ ಜ್ವರದ ಲಸಿಕೆ ಅಂತ ಒಪ್ಪಿಗೆ ಕೊಟ್ಟಿರುವುದು ಎಚ್9ಎನ್2ಗೆ ಹಾಕುವುದಕ್ಕೆ ಮಾತ್ರ. ಎಚ್9ಎನ್2 ಅಂದರೆ ಮೊಟ್ಟೆ ಕಮ್ಮಿ ಮಾಡುವ ಸೌಮ್ಯ ಜಾತಿಯ ವೈರಸ್. ಆ ಲಸಿಕೆ ಹಾಕಿಸಿ ಎಚ್5ಎನ್1 ಬರಲ್ಲ ಅಂತ ಯಾರೂ ನಂಬಿ ಕೂರಬೇಡಿ, ದಯವಿಟ್ಟು.

ಎಚ್5ಎನ್1ಗೆ ಯಾಕಿಲ್ಲ? ಲಸಿಕೆ ಹಾಕಿದ ಕೋಳಿ ಸಾಯದೆ ಇರಬಹುದು. ಆದರೆ ಸೋಂಕು ತಗುಲಿದರೆ ಅದರ ಹಿಕ್ಕೆಯಲ್ಲಿ ವೈರಸ್ ಸ್ವಲ್ಪ ಸ್ವಲ್ಪ ಬರುತ್ತಲೇ ಇರಬಹುದು. ನೋಡಲು ಕೋಳಿ ಚೆನ್ನಾಗಿಯೇ ಇರುತ್ತದೆ. ಈಗ ಕೋಳಿ ಸತ್ತರೆ ತಾನೇ ನಮಗೆ ರೋಗ ಬಂದಿದೆ ಅಂತ ಗೊತ್ತಾಗುವುದು? ಇನ್ನೊಂದು, ಮಾಮೂಲಿ ರಕ್ತ ಪರೀಕ್ಷೆಯಲ್ಲಿ ಕಾಣುವ ಪ್ರತಿಕಾಯ (ರೋಗದ ವಿರುದ್ಧ ದೇಹ ಮಾಡಿಕೊಳ್ಳುವ ಅಂಶ) ಲಸಿಕೆಯಿಂದ ಬಂದದ್ದೋ ರೋಗದಿಂದ ಬಂದದ್ದೋ ಅಂತ ಬಿಡಿಸಿ ಹೇಳುವುದು ಕಷ್ಟ. ಅದಕ್ಕೇ ಲಸಿಕೆ ಹಾಕುವ ದೇಶದಿಂದ ಕೋಳಿ, ಮೊಟ್ಟೆ ಕೊಳ್ಳಲು ಬೇರೆ ದೇಶಗಳು ಹಿಂಜರಿಯುತ್ತವೆ.

ಫ್ರಾನ್ಸ್ ಆದರೂ ಧೈರ್ಯ ಮಾಡಿತು. 2023ರ ಅಕ್ಟೋಬರ್‌ನಿಂದ ಸಾಕಣೆಯ ಬಾತುಕೋಳಿಗಳಿಗೆ ಲಸಿಕೆ ಕಡ್ಡಾಯ ಮಾಡಿತು. ಅಮೆರಿಕ ಅಲ್ಲಿನ ಕೋಳಿ ಪದಾರ್ಥಗಳ ಆಮದಿಗೆ ತಡೆ ಹಾಕಿತು, ಆದರೂ ಫ್ರಾನ್ಸ್ ಬಿಡಲಿಲ್ಲ. 2021-22ರಲ್ಲಿ 1,300ಕ್ಕೂ ಜಾಸ್ತಿ ಫಾರಂಗಳಿಗೆ ರೋಗ ಬಂದಿದ್ದ ದೇಶ ಅದು. ಲಸಿಕೆ ಶುರುವಾದ ವರ್ಷ ಅದು ಹತ್ತರ ಆಸುಪಾಸಿಗೆ ಇಳಿಯಿತು. ಸುಮ್ನೆ ಚುಚ್ಚಿ ಬಿಟ್ಟುಬಿಡಲಿಲ್ಲ, ಹಾಕಿದ ಹಿಂಡುಗಳನ್ನು ಮತ್ತೆ ಮತ್ತೆ ಪರೀಕ್ಷೆ ಮಾಡುತ್ತಾ ಬಂದರು.

ನನಗೆ ಬೇಕಿರುವುದು ಆ ಥರದ್ದು. ನನ್ನ ಕೋಳಿಗಳು ಬೆಳಿಗ್ಗೆ ರಾಗಿ ಹೊಲಕ್ಕೆ ಹೋದರೆ ಸಂಜೆಗೇ ವಾಪಸ್. ಇಂಥವನ್ನು ಪ್ರತಿ ತಿಂಗಳು ಯಾರು ಹಿಡಿದು ಪರೀಕ್ಷೆ ಮಾಡುತ್ತಾರೆ, ಅಲ್ವಾ? ಹಾಗಾಗಿ ಮೊದಲು ಮೊಟ್ಟೆ ಕೋಳಿ ಫಾರಂಗಳಲ್ಲಿ ಶುರು ಮಾಡಲಿ. ಅಲ್ಲಿ ಕೋಳಿ ಒಂದು ವರ್ಷಕ್ಕೂ ಜಾಸ್ತಿ ಇರುತ್ತದೆ, ಕೂಡಿ ಹಾಕಿರುತ್ತಾರೆ, ಲೆಕ್ಕ ಇರುತ್ತದೆ. ಪರೀಕ್ಷೆಯ ಖರ್ಚು ಸರ್ಕಾರ ಹೊರಲಿ. ಪರೀಕ್ಷೆ ಇಲ್ಲದ ಲಸಿಕೆ ನನಗೂ ಬೇಡ.

ಅಲ್ಲಿಯ ತನಕ ನಾನು ಮಾಡುತ್ತಿರುವುದು ಇಷ್ಟೇ. ಶೆಡ್‌ಗೆ ಬೇರೆ ಚಪ್ಪಲಿ. ಸಂತೆಯಿಂದ ಕೋಳಿ ತರುವುದಿಲ್ಲ. ನೀರಿನ ತೊಟ್ಟಿಗೆ ಕೆರೆಯ ಹಕ್ಕಿ ಇಳಿಯದಂತೆ ಬಲೆ. ಮೂರ್ನಾಲ್ಕು ಕೋಳಿ ಒಟ್ಟಿಗೆ ಸತ್ತರೆ ಮುಟ್ಟದೆ ಡಾಕ್ಟರ್‌ಗೆ ಫೋನ್. ಹೆದರಿ ಸತ್ತ ಕೋಳಿಯನ್ನು ಕೆರೆಗೆ ಎಸೆಯುವವರೂ ಇದ್ದಾರೆ. ಬೇಡ, ಆ ಕೆರೆಗೇ ಇನ್ನೊಬ್ಬರ ಬಾತು ಇಳಿಯುತ್ತದೆ.

ನನ್ನ ಮರಿಗಳು 140. ಸೀಸೆ 200 ಹನಿಯದ್ದು. ಕರಗಿಸಿದ ಮೇಲೆ ಎರಡು ಗಂಟೆಯೊಳಗೆ ಮುಗಿಸಬೇಕು. ಪಕ್ಕದ ಮನೆ ಅಕ್ಕನಿಗೆ ಹೇಳಿದ್ದೇನೆ, ಆರು ಗಂಟೆಗೆ ತನ್ನ ಮರಿಗಳನ್ನು ಬುಟ್ಟಿಯಲ್ಲಿ ತಂದು ನಮ್ಮ ಜಗುಲಿಯಲ್ಲಿಡುತ್ತಾಳೆ.